ಬಿತ್ತನೆ ಜನರದು, ಬೆಳೆ ಯಾರದು?

ಸಂಶೋಧನೆ ಮತ್ತು ಹೊಸ ತಂತ್ರಜ್ಞಾನದ ಬೆಳವಣಿಗೆಗೆಂದು ಕೇಂದ್ರ ಸರ್ಕಾರ 1 ಲಕ್ಷ ಕೋಟಿ ರೂಪಾಯಿಗಳ ನಿಧಿಯೊಂದನ್ನು ತೆಗೆದಿರಿಸಿದೆ. 2025ರ ಜುಲೈ 1ರಂದು ಮಂತ್ರಿಮಂಡಲ ಇದಕ್ಕೆ ಒಪ್ಪಿಗೆ ಕೊಟ್ಟಿತು. ಈ ಹಣ ಮುಖ್ಯವಾಗಿ ಖಾಸಗಿ ಉದ್ಯಮಗಳಿಗೆ ಕಡಿಮೆ ಬಡ್ಡಿಯ ಅಥವಾ ಬಡ್ಡಿಯೇ ಇಲ್ಲದ ದೀರ್ಘಾವಧಿ ಸಾಲವಾಗಿ ಹೋಗತಕ್ಕದ್ದು. ಅದೇ ವರ್ಷದ ನವೆಂಬರಿನಲ್ಲಿ ನಮ್ಮ ರಾಜ್ಯ ಸರ್ಕಾರವೂ 518 ಕೋಟಿ ರೂಪಾಯಿಗಳ ನವೋದ್ಯಮ ನೀತಿಯನ್ನು ಅಂಗೀಕರಿಸಿತು. ಐದು ವರ್ಷಗಳಲ್ಲಿ 25,000 ಹೊಸ ಉದ್ಯಮಗಳು ಹುಟ್ಟಬೇಕು, ಅವುಗಳಲ್ಲಿ 10,000 ಬೆಂಗಳೂರಿನ ಹೊರಗಿರಬೇಕು ಎಂಬುದು ಅದರ ಗುರಿ.

ಇದನ್ನು ನಾವು ವಿರೋಧಿಸುವುದಿಲ್ಲ. ವಿಜ್ಞಾನಕ್ಕೆ ಹಣ ಕೊಡುವ ಸರ್ಕಾರವನ್ನು ಬೈಯುವುದು ಸಮಾಜವಾದಿಗಳ ಕೆಲಸವಲ್ಲ. 2020-21ರ ಲೆಕ್ಕದಂತೆ ಭಾರತ ಸಂಶೋಧನೆಗೆ ಖರ್ಚು ಮಾಡಿದ್ದು ರಾಷ್ಟ್ರೀಯ ಉತ್ಪನ್ನದ ನೂರಕ್ಕೆ 0.64 ಪಾಲು ಮಾತ್ರ. ದಕ್ಷಿಣ ಕೊರಿಯಾ ನೂರಕ್ಕೆ ಐದರ ಸಮೀಪದಲ್ಲಿದೆ. ನಮ್ಮ ದೇಶದ ಆ ಅಲ್ಪ ಖರ್ಚಿನಲ್ಲಿಯೂ ಖಾಸಗಿ ಉದ್ಯಮದ ಪಾಲು ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಉಳಿದದ್ದೆಲ್ಲ ಸರ್ಕಾರದ್ದು, ಎಂದರೆ ತೆರಿಗೆ ಕೊಡುವ ಜನರದ್ದು. ಆದುದರಿಂದ ಹಣ ಹೆಚ್ಚಬೇಕೆಂಬುದರಲ್ಲಿ ಎರಡು ಮಾತಿಲ್ಲ. ನಮ್ಮ ಪ್ರಶ್ನೆ ಬೇರೆಯದು. ಬೀಜ ಜನರದಾದ ಮೇಲೆ ಬೆಳೆಯಲ್ಲಿ ಜನರ ಪಾಲೆಷ್ಟು? ಯಾವ ಬೆಳೆ ಬೆಳೆಯಬೇಕೆಂದು ನಿಶ್ಚಯಿಸುವವರು ಯಾರು?

ಉಳುವವನಿಗೇ ಹೊಲ ಸೇರಬೇಕೆಂದು 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತ ಜಿಲ್ಲೆ ಇದು. ಇಲ್ಲಿನ ಓದುಗರಿಗೆ ಈ ಪ್ರಶ್ನೆಯ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಒಂದು ಭ್ರಮೆಯನ್ನು ಕಳೆಯಬೇಕು. ಹೊಸ ಶೋಧಗಳೆಲ್ಲ ಧೈರ್ಯಶಾಲಿಗಳಾದ ಕೆಲವು ಬಂಡವಳಗಾರರ ಕೊಡುಗೆ, ಸರ್ಕಾರವೆಂಬುದು ದಾರಿಗೆ ಅಡ್ಡ ಬಿದ್ದ ಮರ ಎಂಬ ಮಾತನ್ನು ಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ದಿನವೂ ಕೇಳುತ್ತೇವೆ. ಚರಿತ್ರೆ ಹೀಗೆ ಹೇಳುವುದಿಲ್ಲ. ಮೊದಲನೆಯ ಮಹಾಯುದ್ಧ ಆರಂಭವಾದಾಗ ಜರ್ಮನಿಗೆ ಹೋಗುತ್ತಿದ್ದ ಮೈಸೂರಿನ ಶ್ರೀಗಂಧಕ್ಕೆ ಗಿರಾಕಿಗಳಿಲ್ಲದಂತಾಯಿತು. ಆಗ ಮೈಸೂರು ಸರ್ಕಾರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ಶಾಸ್ತ್ರಜ್ಞರ ನೆರವಿನಿಂದ ಇಲ್ಲಿಯೇ ಎಣ್ಣೆ ತೆಗೆಯುವುದನ್ನು ಕಲಿತು, 1916ರಲ್ಲಿ ಕಾರ್ಖಾನೆ ತೆರೆಯಿತು. ಅದರ ಬೆನ್ನಿಗೆ ಸಾಬೂನಿನ ಕಾರ್ಖಾನೆಯೂ ಬಂತು. ಶೋಧ, ಬಂಡವಳ, ನಷ್ಟದ ಭಯ ಮೂರನ್ನೂ ಹೊತ್ತದ್ದು ಸರ್ಕಾರ. ಲಾಭವೂ ಸರ್ಕಾರದ ಖಜಾನೆಗೇ ಬಂತು.

ಇಂದು ನವೋದ್ಯಮಗಳ ರಾಜಧಾನಿಯೆಂದು ಹೊಗಳಿಸಿಕೊಳ್ಳುವ ಬೆಂಗಳೂರು ಆಕಾಶದಿಂದ ಉದುರಲಿಲ್ಲ. 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್., 1959ರಲ್ಲಿ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಹೀಗೆ ಒಂದರ ಹಿಂದೊಂದು ಬಂದ ಸಾರ್ವಜನಿಕ ಸಂಸ್ಥೆಗಳು ಅಲ್ಲಿ ಸಾವಿರಾರು ತಂತ್ರಜ್ಞರನ್ನೂ ಕುಶಲ ಕಾರ್ಮಿಕರನ್ನೂ ತಯಾರು ಮಾಡಿದವು. ಎಲೆಕ್ಟ್ರಾನಿಕ್ ಸಿಟಿಗೆ ನೆಲವನ್ನು ಹದಮಾಡಿದ್ದು ರಾಜ್ಯ ಸರ್ಕಾರದ ಕಿಯೋನಿಕ್ಸ್. ಸಾಫ್ಟ್‌ವೇರ್ ಕಂಪನಿಗಳಿಗೆ ಉಪಗ್ರಹ ಸಂಪರ್ಕವನ್ನು ಒದಗಿಸಿಕೊಟ್ಟದ್ದು 1991ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕುಗಳ ಸಂಸ್ಥೆ. ಆ ಪಾರ್ಕುಗಳ ಕಂಪನಿಗಳ ರಫ್ತಿನ ಲಾಭಕ್ಕೆ 2011ರ ಮಾರ್ಚಿನವರೆಗೂ ಆದಾಯ ತೆರಿಗೆಯ ವಿನಾಯಿತಿಯಿತ್ತು. ಬಂಡವಳಶಾಹಿಯ ತವರಾದ ಅಮೆರಿಕದಲ್ಲಿಯೂ ಇದೇ ಕಥೆ. ಇಂಟರ್ನೆಟ್ಟಿನ ಮೂಲವಾದ ಜಾಲವನ್ನು 1969ರಲ್ಲಿ ಕಟ್ಟಿಸಿದ್ದು ಅಲ್ಲಿನ ರಕ್ಷಣಾ ಇಲಾಖೆ. ಸಂಶೋಧನೆಗೆ ಹೆಚ್ಚು ಖರ್ಚು ಮಾಡುವ ಸರ್ಕಾರಿ ಇಲಾಖೆಗಳು ಅದರಲ್ಲಿ ಒಂದು ಪಾಲನ್ನು ಸಣ್ಣ ಕಂಪನಿಗಳಿಗೆ ಮೀಸಲಿಡಬೇಕೆಂದು ಆ ದೇಶ 1982ರಲ್ಲಿ ಕಾನೂನನ್ನೇ ಮಾಡಿತು. ಪೇಟೆಯೇ ದೇವರೆಂದು ಊರೂರಿಗೆ ಬೋಧಿಸುವವರು ತಮ್ಮ ಮನೆಯಲ್ಲಿ ಪೂಜಿಸಿದ್ದು ಸರ್ಕಾರದ ಹುಂಡಿಯನ್ನು.

ಹೊಸದನ್ನು ಕಂಡುಹಿಡಿಯುವಾಗ ಸೋಲಿನ ಭಾರ ಹೊರುವವರು ಜನರು ಎಂದಾಯಿತು. ಗೆದ್ದಾಗ ಏನಾಗುತ್ತದೆ? ಅಮೆರಿಕದ್ದೇ ಒಂದು ಪಾಠವಿದೆ. ಅಲ್ಲಿನ ಇಂಧನ ಇಲಾಖೆ ಸೊಲಿಂಡ್ರಾ ಎಂಬ ಸೌರವಿದ್ಯುತ್ ಕಂಪನಿಯ 53.5 ಕೋಟಿ ಡಾಲರ್ ಸಾಲಕ್ಕೆ ಹೊಣೆ ನಿಂತಿತು. ಟೆಸ್ಲಾ ಎಂಬ ಮೋಟಾರು ಕಂಪನಿಗೆ 46.5 ಕೋಟಿ ಡಾಲರ್ ಸಾಲ ಕೊಟ್ಟಿತು. ಮೊದಲನೆಯದು 2011ರಲ್ಲಿ ದಿವಾಳಿಯೆದ್ದಿತು. ನಷ್ಟ ಜನರ ತಲೆಗೆ ಬಂತು. ಎರಡನೆಯದು 2013ರಲ್ಲಿ ಸಾಲ ತೀರಿಸಿ ಕೈತೊಳೆದುಕೊಂಡಿತು. ಆಮೇಲೆ ಬೆಟ್ಟದಷ್ಟು ಬೆಳೆದ ಅದರ ಸಂಪತ್ತಿನಲ್ಲಿ ಆ ಸಾಲ ಕೊಟ್ಟ ಜನರಿಗೆ ಷೇರಿನ ಪಾಲಿಲ್ಲ. ನಷ್ಟದಲ್ಲಿ ಸಮಾಜವಾದ, ಲಾಭದಲ್ಲಿ ಬಂಡವಳಶಾಹಿ!

ನಮ್ಮ ದೇಶದ ಸ್ವರಾಜ್ ಟ್ರಾಕ್ಟರಿನ ಚರಿತ್ರೆಯೂ ಯೋಚಿಸತಕ್ಕದ್ದು. ದುರ್ಗಾಪುರದ ಸರ್ಕಾರಿ ಪ್ರಯೋಗಾಲಯದ ಎಂಜಿನಿಯರುಗಳು ಪರದೇಶದ ನಕಾಶೆಯಿಲ್ಲದೆ ಅದನ್ನು ರೂಪಿಸಿದರು. ಪಂಜಾಬ್ ಸರ್ಕಾರ ಧೈರ್ಯ ಮಾಡಿ 1970ರಲ್ಲಿ ಕಂಪನಿ ಸ್ಥಾಪಿಸಿತು. 1974ರಲ್ಲಿ ಟ್ರಾಕ್ಟರು ಹೊಲಕ್ಕಿಳಿಯಿತು, ರೈತ ಮೆಚ್ಚಿದ. ಕಂಪನಿ ಬಲಿತು ನಿಂತ ಮೇಲೆ 2003ರಲ್ಲಿ ಸರ್ಕಾರ ತನ್ನ ಪಾಲನ್ನು ಮಾರಿತು. 2007ರಲ್ಲಿ ಅದು ದೊಡ್ಡದೊಂದು ಖಾಸಗಿ ಮನೆತನದ ಕಂಪನಿಯ ವಶವಾಯಿತು. ಸಸಿ ನೆಟ್ಟು ನೀರೆರೆದು, ಫಲ ಬಿಡುವ ಕಾಲಕ್ಕೆ ತೋಟ ಮಾರುವುದು ಯಾವ ಜಾಣತನವೋ ನಾವು ಕಾಣೆವು.

ಬೇರೆ ದಾರಿ ಇಲ್ಲವೆಂದಲ್ಲ. ಕೊರೋನ ಕಾಲದಲ್ಲಿ ಕೊವ್ಯಾಕ್ಸಿನ್ ಲಸಿಕೆಗೆ ವೈರಾಣುವನ್ನು ಬೇರ್ಪಡಿಸಿ ಕೊಟ್ಟದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪುಣೆಯ ಸಂಸ್ಥೆ. ಖಾಸಗಿ ಕಂಪನಿಯೊಡನೆ ಮಾಡಿಕೊಂಡ ಒಪ್ಪಂದದಲ್ಲಿ ನಿವ್ವಳ ಮಾರಾಟದ ನೂರಕ್ಕೆ 5 ಪಾಲು ಮಂಡಳಿಗೆ ಬರಬೇಕೆಂಬ ಷರತ್ತಿತ್ತು. 2022ರ ಜನವರಿಯ ಕೊನೆಗೆ ಹೀಗೆ ಬಂದ ಹಣ 170 ಕೋಟಿ ರೂಪಾಯಿಗಳನ್ನು ಮೀರಿತ್ತು. ಷರತ್ತು ಹಾಕಿದ್ದರಿಂದ ಕಂಪನಿ ಓಡಿಹೋಗಲಿಲ್ಲ, ಲಸಿಕೆ ನಿಲ್ಲಲಿಲ್ಲ. ಸರ್ಕಾರ ಪಾಲು ಕೇಳಿದರೆ ಉದ್ಯಮಿಗಳು ಹೆದರುತ್ತಾರೆ ಎನ್ನುವವರಿಗೆ ಇದೇ ಉತ್ತರ. ಇನ್ನೊಂದು ಉತ್ತರವೂ ಇದೆ. ಖಾಸಗಿ ಹೂಡಿಕೆದಾರನು ಷೇರು ಬರೆಸಿಕೊಳ್ಳದೆ ನವೋದ್ಯಮಕ್ಕೆ ಒಂದು ಕಾಸನ್ನೂ ಬಿಚ್ಚುವುದಿಲ್ಲ. ಅವನು ಪಾಲು ಕೇಳಿದರೆ ಜಾಣತನ, ಜನರು ಕೇಳಿದರೆ ಪ್ರಗತಿಗೆ ಅಡ್ಡಿ! ಈ ನ್ಯಾಯವನ್ನು ನಾವು ಒಪ್ಪುವುದಿಲ್ಲ. ಲಕ್ಷ ಕೋಟಿಯ ನಿಧಿಯ ನಿಯಮಗಳಲ್ಲಿ ಷೇರು ಕೊಳ್ಳುವುದಕ್ಕೂ ಅವಕಾಶವಿದೆಯೆಂಬುದು ನಿಜ. ಅವಕಾಶವಿದ್ದರೆ ಸಾಲದು, ದೊಡ್ಡ ನೆರವಿನ ಜೊತೆಗೆ ಜನರ ಪಾಲು ಕಡ್ಡಾಯವಾಗಬೇಕು.

ಪಾಲಿನ ಮಾತಿಗಿಂತ ದೊಡ್ಡದು ಆಯ್ಕೆಯ ಮಾತು. 2016ರಲ್ಲಿ ಸ್ಟಾರ್ಟಪ್ ಇಂಡಿಯಾ ಎಂಬ ಹೆಸರಿನಿಂದ ಕೇಂದ್ರ ಸರ್ಕಾರ ಆರಂಭಿಸಿದ ಕಾರ್ಯಕ್ರಮದಲ್ಲಿ 10,000 ಕೋಟಿ ರೂಪಾಯಿಗಳ ಒಂದು ನಿಧಿಯಿತ್ತು. 2025ರ ಬಜೆಟ್ಟಿನಲ್ಲಿ ಮತ್ತೆ ಅಷ್ಟನ್ನೇ ಘೋಷಿಸಲಾಯಿತು. ಸಿಡ್ಬಿಯ ಮೂಲಕ ಈ ಹಣ ಖಾಸಗಿ ಹೂಡಿಕೆ ನಿಧಿಗಳಿಗೆ ಹೋಗುತ್ತದೆ. ಯಾವ ಉದ್ಯಮಕ್ಕೆ ಕೊಡಬೇಕೆಂದು ಆರಿಸುವವರು ಆ ನಿಧಿಗಳ ವ್ಯವಸ್ಥಾಪಕರು. ಅವರ ಕಣ್ಣು ಬೇಗ ಬೆಳೆದು ಹೆಚ್ಚು ಬೆಲೆಗೆ ಮಾರಾಟವಾಗುವ ಕಂಪನಿಯ ಮೇಲೆ. ಅದು ಅವರ ಕಸುಬು, ಅವರನ್ನು ದೂರಿ ಫಲವಿಲ್ಲ. ಆದರೆ ಕೊಳ್ಳುವ ಶಕ್ತಿಯಿಲ್ಲದವನ ಸಂಕಟ ಆ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಜಿಲ್ಲೆಯ ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರು ಜ್ವರದಿಂದ ಮಲಗಿದರು. ಪುಣೆಯ ಸರ್ಕಾರಿ ವೈರಾಣು ಸಂಶೋಧನಾ ಕೇಂದ್ರದವರು ಬಂದು ರೋಗಾಣುವನ್ನು ಗುರುತಿಸಿದರು. ಅದಕ್ಕೆ ನಮ್ಮ ಊರಿನ ಹೆಸರೇ ಉಳಿಯಿತು. ಉಣುಗಿನ ಕಡಿತದಿಂದ ಹರಡುವ ಈ ಕಾಯಿಲೆ ಯಾರನ್ನು ಹಿಡಿಯುತ್ತದೆ? ತರಗೆಲೆ ಗುಡಿಸಲು ಹೋದವಳನ್ನು, ಸೌದೆ ತರಲು ಹೋದವನನ್ನು, ದನ ಕಾಯುವ ಹುಡುಗನನ್ನು. ಸರ್ಕಾರಿ ವ್ಯವಸ್ಥೆಯಲ್ಲಿ ತಯಾರಾದ ಲಸಿಕೆಯೊಂದು ಇತ್ತು. ಅದರ ಕಸುವು ಸಾಲದೆಂದು ಅಧ್ಯಯನಗಳು ಮುಂಚೆಯೇ ಎಚ್ಚರಿಸಿದ್ದವು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಮನೆಮನೆಗೆ ಸಾವು ಬಂತು. 2022ರಲ್ಲಿ ಆ ಹಳೆಯ ಲಸಿಕೆಯನ್ನು ನಿಲ್ಲಿಸಲಾಯಿತು, ಹೊಸದು ಕೈಗೆ ಬಂದಿರಲಿಲ್ಲ.

ಈ ಅರವತ್ತು ವರ್ಷಗಳ ಮೇಲ್ಪಟ್ಟ ಕಾಲದಲ್ಲಿ ಬಂಡವಳದ ಪೇಟೆ ಈ ಕಾಯಿಲೆಯ ಕಡೆಗೆ ತಿರುಗಿ ನೋಡಲಿಲ್ಲ. ಏಕೆ ನೋಡಬೇಕು? ತರಗೆಲೆ ಗುಡಿಸುವವಳು ಲಾಭ ತರುವ ಗಿರಾಕಿಯಲ್ಲ. ಕೊನೆಗೆ ಹೊಸ ಲಸಿಕೆಯ ಕೆಲಸವನ್ನು ಕೈಗೆತ್ತಿಕೊಂಡದ್ದು ವೈದ್ಯಕೀಯ ಸಂಶೋಧನಾ ಮಂಡಳಿಯೇ. ಅದರೊಡನೆ ಕೈಜೋಡಿಸಿದ ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಕೂಡ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ ಅಂಗಸಂಸ್ಥೆ. ಕಾಡಿಗೆ ಹೋಗುವವರು ಮೈಗೆ ಹಚ್ಚಿಕೊಳ್ಳುವ ಡೆಪಾ ತೈಲವೂ ರಕ್ಷಣಾ ಸಂಶೋಧನೆಯ ಪ್ರಯೋಗಾಲಯದಿಂದ ಬಂದದ್ದು. ಸರ್ಕಾರ ತಡ ಮಾಡಿತು, ಅದಕ್ಕಾಗಿ ಅದನ್ನು ಖಂಡಿಸುತ್ತೇವೆ. ಆದರೆ ತಡವಾಗಿಯಾದರೂ ಬಂದವರು ಯಾರು, ಬಾರದೆ ಉಳಿದವರು ಯಾರು ಎಂಬುದನ್ನೂ ಮರೆಯುವುದಿಲ್ಲ.

ಅಡಿಕೆ ತೋಟಗಳ ಕಥೆಯೂ ಇದೇ. ಕೊಳೆರೋಗ ಮಲೆನಾಡನ್ನು ಹಿಂಡುತ್ತಿದ್ದಾಗ, ಮೈಸೂರು ಸರ್ಕಾರದ ನೌಕರಿಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಅದರ ಮೂಲವನ್ನು ಪತ್ತೆ ಮಾಡಿ, ಮೈಲುತುತ್ತ ಮತ್ತು ಸುಣ್ಣದ ದ್ರಾವಣ ಹೊಡೆಯುವ ಕ್ರಮವನ್ನು ರೈತರಿಗೆ ಕಲಿಸಿದರು. 1910ರ ಸುಮಾರಿನ ಮಾತು ಇದು. ನೂರು ವರ್ಷ ದಾಟಿದರೂ ಇಂದಿಗೂ ಮಳೆಗಾಲದ ಮುಂಚೆ ನಮ್ಮ ಕೊನೆಗಾರರು ಹೊಡೆಯುವುದು ಅದೇ ಔಷಧಿಯನ್ನು. ಯಾವ ಕಂಪನಿಗೂ ಅದರಿಂದ ಕೋಟಿಗಳ ಬೆಲೆ ಕಟ್ಟಲಾಗಲಿಲ್ಲ. ಉಳಿದದ್ದು ರೈತನ ಬೆಳೆ. ಈಗ ಎಲೆಚುಕ್ಕಿ ರೋಗ ತೋಟದಿಂದ ತೋಟಕ್ಕೆ ಹಬ್ಬುತ್ತಿದೆ. ಲಕ್ಷ ಕೋಟಿಯ ನಿಧಿಯಲ್ಲಿ ಇದಕ್ಕೆ ಎಷ್ಟು ಎಂದು ಕೇಳುವ ಹಕ್ಕು ಈ ಜಿಲ್ಲೆಗಿದೆ.

ಇನ್ನು ಹೊಸದನ್ನು ಕಂಡುಹಿಡಿಯುವವರು ಯಾರು ಎಂಬ ಮಾತು. ಅಡಿಕೆ ಸುಲಿಯುವ ಯಂತ್ರವಾಗಲಿ, ಮರ ಹತ್ತುವ ಸಾಧನವಾಗಲಿ ರೂಪುಗೊಂಡದ್ದು ಬಹುಮಟ್ಟಿಗೆ ನಮ್ಮ ಸಣ್ಣ ಪೇಟೆಗಳ ಷೆಡ್ಡುಗಳಲ್ಲಿ, ವೆಲ್ಡಿಂಗ್ ಮಾಡುವವನ ಹಾಗೂ ಬೆಳೆಗಾರನ ಕೈಯಲ್ಲಿ. 2019ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಂತೆ ನವೋದ್ಯಮವೆಂಬ ಮಾನ್ಯತೆ ಪ್ರೈವೇಟ್ ಲಿಮಿಟೆಡ್ ಕಂಪನಿಗೆ, ನೋಂದಾಯಿತ ಪಾಲುದಾರಿಕೆಗೆ ಅಥವಾ ಸೀಮಿತ ಹೊಣೆಯ ಪಾಲುದಾರಿಕೆಗೆ. ತನ್ನೊಬ್ಬನ ಹೆಸರಿನಲ್ಲಿ ಷೆಡ್ಡು ನಡೆಸುವ ಮೇಸ್ತ್ರಿ ಆ ಲೆಕ್ಕಕ್ಕೆ ಬರಲಿಲ್ಲ. ಅವನಲ್ಲಿ ಯೋಜನೆಯನ್ನು ಬರೆಯಿಸುವ ಲೆಕ್ಕಪರಿಶೋಧಕನಿಲ್ಲ. ತೀರ್ಪುಗಾರರ ಮುಂದೆ ಹತ್ತು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಮಾತಾಡಿ ಒಲಿಸುವ ವಿದ್ಯೆಯೂ ಇಲ್ಲ. ಇಂಥವರಿಗೆಂದೇ 2000ದಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ನವಪ್ರವರ್ತನ ಪ್ರತಿಷ್ಠಾನ ಸ್ಥಾಪನೆಯಾಯಿತು, ಹಳ್ಳಿಗಳನ್ನು ಸುತ್ತಿ ಒಳ್ಳೆಯ ಕೆಲಸ ಮಾಡಿದೆ. ಅದಕ್ಕೆ ಮೊದಲು ಕೊಟ್ಟ ಮೂಲಧನ 20 ಕೋಟಿ ರೂಪಾಯಿ. ಕಂಪನಿಗಳಿಗೆ ಸಾವಿರ ಕೋಟಿಗಳ ಲೆಕ್ಕ, ಕಮ್ಮಾರನಿಗೆ ಹತ್ತರ ಲೆಕ್ಕ!

ಕಾಗೋಡು ಸತ್ಯಾಗ್ರಹದಲ್ಲಿ ಸೆರೆಯಾದ ಡಾಕ್ಟರ್ ಲೋಹಿಯಾ ಮರುವರ್ಷ, 1952ರಲ್ಲಿ, ಪಚ್‌ಮಢಿಯ ಸಮ್ಮೇಳನದಲ್ಲಿ ಸಣ್ಣ ಯಂತ್ರದ ವಿಚಾರವನ್ನು ಮುಂದಿಟ್ಟರು. ದೈತ್ಯ ಯಂತ್ರವನ್ನು ಕೊಳ್ಳುವಷ್ಟು ಬಂಡವಳ ಬಡ ದೇಶಕ್ಕಿಲ್ಲ, ಎಲ್ಲರಿಗೂ ಕೆಲಸ ಕೊಡುವ ಶಕ್ತಿ ಆ ಯಂತ್ರಕ್ಕಿಲ್ಲ. ಆದುದರಿಂದ ಊರಿನವರ ಹತೋಟಿಯಲ್ಲಿರುವ ಸಣ್ಣ ಯಂತ್ರ ಬೇಕೆಂಬುದು ಅವರ ವಾದದ ತಿರುಳು. ಅಂದು ಹಲವರು ನಕ್ಕರು. ಆದರೆ 1984ರಲ್ಲಿ ಸರ್ಕಾರ ಸ್ಥಾಪಿಸಿದ ಸಿ-ಡಾಟ್ ಸಂಸ್ಥೆ ಮಾಡಿದ್ದು ಏನು? ಹಳ್ಳಿಯ ಧೂಳನ್ನೂ ಬಿಸಿಲನ್ನೂ ತಾಳುವ, ತಂಪು ಕೋಣೆ ಬೇಡದ ಸಣ್ಣ ದೂರವಾಣಿ ವಿನಿಮಯ ಕೇಂದ್ರವನ್ನು ಅದು ರೂಪಿಸಿತು. ಅಂಥ 128 ತಂತಿಗಳ ಮೊದಲ ಕೇಂದ್ರ 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಕೆಲಸ ಆರಂಭಿಸಿತು. ಆ ವಿದ್ಯೆಯನ್ನು ಒಬ್ಬನಿಗೇ ಕಟ್ಟಿಕೊಡದೆ ಅನೇಕ ತಯಾರಕರಿಗೆ ಕೊಟ್ಟರು. ಜನರ ಹಣ, ಜನರ ಅಗತ್ಯ, ಹಲವರ ಕೈಗೆ ಕೆಲಸ ಮೂರೂ ಒಂದಾದರೆ ಏನಾಗಬಲ್ಲದೆಂಬುದಕ್ಕೆ ಇದು ಸಾಕ್ಷಿ.

ಒಂದು ಮಾತನ್ನು ನಮ್ಮವರಿಗೂ ಹೇಳಬೇಕು. ಸರ್ಕಾರದ್ದೆಂದ ಮಾತ್ರಕ್ಕೆ ಎಲ್ಲವೂ ಜನರದ್ದಾಗುವುದಿಲ್ಲ. ಕಡತಗಳ ಅಡಿಯಲ್ಲಿ ಒಳ್ಳೆಯ ಯೋಜನೆಗಳು ಉಸಿರು ಕಟ್ಟಿದ್ದನ್ನು ಕಂಡಿದ್ದೇವೆ. 1923ರಲ್ಲಿ ಉರಿ ಹೊತ್ತಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕಾಲಕಾಲಕ್ಕೆ ಬಂಡವಳವನ್ನೂ ಹೊಸ ಯಂತ್ರಗಳನ್ನೂ ಕೊಡದೆ ಸೊರಗಿಸಿ, 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನಕ್ಕೆ ಬಂದವರು ಖಾಸಗಿಯವರಲ್ಲ. ಯಂತ್ರ ಬಂದರೆ ಎಲ್ಲರಿಗೂ ಸುಖವೆಂಬುದೂ ಅರ್ಧಸತ್ಯ. ಚಳಿಗಾಲದ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದು ನಾಲ್ಕು ಕಾಸು ಕಾಣುತ್ತಿದ್ದ ಹೆಂಗಸರ ಕೂಲಿಯನ್ನು ಸುಲಿಯುವ ಯಂತ್ರ ಕಡಿಮೆ ಮಾಡಿತು. ಆ ಕೆಲಸ ಬೆನ್ನು ಮುರಿಯುವಂಥದು, ಯಂತ್ರ ಬಂದದ್ದು ತಪ್ಪಲ್ಲ. ಆ ಹೆಂಗಸರ ಸಂಘಕ್ಕೇ ಯಂತ್ರ ಸಿಕ್ಕಿದ್ದರೆ ಬೆನ್ನೂ ಉಳಿಯುತ್ತಿತ್ತು, ಕೂಲಿಯೂ ಉಳಿಯುತ್ತಿತ್ತು. ಯಂತ್ರ ಬೇಕೆ ಬೇಡವೆ ಎಂಬುದಲ್ಲ, ಯಂತ್ರ ಯಾರದು ಎಂಬುದೇ ಪ್ರಶ್ನೆ.

ಆದಕಾರಣ ನಮ್ಮ ಬೇಡಿಕೆಗಳು ಇವು. ಒಂದು: ಜನರ ಹಣ ದೊಡ್ಡ ಮೊತ್ತದಲ್ಲಿ ಹೋದ ಪ್ರತಿಯೊಂದು ಉದ್ಯಮದಲ್ಲಿಯೂ ಷೇರು ಅಥವಾ ಮಾರಾಟದ ಪಾಲು ಸರ್ಕಾರಿ ನಿಧಿಗೆ ಕಡ್ಡಾಯವಾಗಿ ಸಲ್ಲಬೇಕು, ಆ ಹಣ ಮುಂದಿನ ಶೋಧಕ್ಕೆ ಬೀಜವಾಗಬೇಕು. ಎರಡು: ಜನರ ಹಣದಿಂದ ಹುಟ್ಟಿದ ಔಷಧ, ಬಿತ್ತನೆ ಬೀಜ, ಉಪಕರಣಗಳ ಬೆಲೆ ಬಡವನ ಕೈಗೆ ಎಟುಕುವಂತಿರಬೇಕು, ಆ ವಿದ್ಯೆ ಒಬ್ಬನ ಸ್ವತ್ತಾಗಬಾರದು. ಮೂರು: ಮಂಗನ ಕಾಯಿಲೆ, ಎಲೆಚುಕ್ಕಿ ರೋಗದಂಥ ಪೇಟೆ ಮುಟ್ಟದ ಸಂಕಟಗಳಿಗೆ ನಿಧಿಯಲ್ಲಿ ಒಂದು ಪಾಲನ್ನು ಮೊದಲೇ ಮೀಸಲಿಡಬೇಕು, ಅದರ ಆಯ್ಕೆಯಲ್ಲಿ ರೈತರಿಗೂ ಕೂಲಿಕಾರರಿಗೂ ಸ್ಥಾನವಿರಬೇಕು. ನಾಲ್ಕು: ಒಬ್ಬನೇ ನಡೆಸುವ ಷೆಡ್ಡಿಗೂ ಮಾನ್ಯತೆ ಸಿಗಬೇಕು, ಅರ್ಜಿ ಮತ್ತು ಸಂದರ್ಶನ ಕನ್ನಡದಲ್ಲಿ ನಡೆಯಬೇಕು, ಜಿಲ್ಲೆಯ ಪಾಲಿಟೆಕ್ನಿಕ್ ಮತ್ತು ಕೈಗಾರಿಕಾ ತರಬೇತಿ ಸಂಸ್ಥೆಗಳ ಯಂತ್ರಾಗಾರಗಳು ಸಂಜೆಯ ಹೊತ್ತು ಇಂಥ ಮೇಸ್ತ್ರಿಗಳಿಗೆ ತೆರೆದಿರಬೇಕು. ಐದು: ಯಾರಿಗೆ ಎಷ್ಟು ಕೊಟ್ಟರು, ಅದರಿಂದ ಏನಾಯಿತು ಎಂಬ ಪಟ್ಟಿಯನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಅಚ್ಚು ಹಾಕಿ, ಜಿಲ್ಲಾ ಪಂಚಾಯಿತಿಯ ಮುಂದೆ ಇಡಬೇಕು.

ಇವು ಕ್ರಾಂತಿಯ ಬೇಡಿಕೆಗಳಲ್ಲ, ಲೆಕ್ಕದ ಬೇಡಿಕೆಗಳು. ಸಾಲ ತೀರಿಸದ ರೈತನ ಮನೆಯ ಬಾಗಿಲಿಗೆ ನೋಟೀಸು ಅಂಟಿಸಬಲ್ಲ ಸರ್ಕಾರಕ್ಕೆ, ಕೋಟಿಗಟ್ಟಲೆ ಪಡೆದವನ ಲಾಭದಲ್ಲಿ ಜನರ ಪಾಲನ್ನು ಬರೆಸಿಕೊಳ್ಳುವುದು ಅಸಾಧ್ಯವೇನಲ್ಲ. ಬೇಕಾದ್ದು ಮನಸ್ಸು, ಆ ಮನಸ್ಸನ್ನು ಮಾಡಿಸುವುದು ಜನರ ಒತ್ತಾಯ. ನಮ್ಮ ಶಾಸಕರೂ ಸಂಸದರೂ ಮುಂದಿನ ಅಧಿವೇಶನದಲ್ಲಿ ಈ ಐದು ಪ್ರಶ್ನೆಗಳನ್ನು ಎತ್ತಲಿ. ಎತ್ತದಿದ್ದರೆ, ಅವರು ಮತ ಕೇಳಲು ಬಂದಾಗ ಅರಳಗೋಡಿನ ಕಡೆಯ ಜನ ಅವರನ್ನು ಕೇಳಲಿ: ನಮ್ಮ ತೆರಿಗೆಯ ಬೀಜ ಯಾರ ಹೊಲಕ್ಕೆ ಹೋಯಿತು, ನಮ್ಮ ಲಸಿಕೆ ಎಲ್ಲಿ?